ಗೇಟು ಮಾಮನ ಕಾರಿಗೆ ಬ್ಯಾಟರಿ ಕೂತ ಕಥೆ

ನಿಮ್ಮ ಬೀದಿಯಲ್ಲೂ ಇಂಥದೊಂದು ಕಾರು ಇದ್ದೇ ಇರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನಡುಗುತ್ತದೆ, ಕೊನೆಗೆ ಬೀದಿಯ ತುಂಬ ಹೊಗೆ ಬಿಟ್ಟು ತಣ್ಣಗಾಗುತ್ತದೆ. ಎದುರು ಮನೆಯವರು ಕಿಟಕಿ ಮುಚ್ಚುತ್ತಾರೆ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯನ್ನು ಬಾಚಿಕೊಂಡು ಒಳಗೆ ಓಡುತ್ತಾರೆ. ಯಾರೋ ಒಬ್ಬ ಪುಣ್ಯಾತ್ಮ ಹಿಂದೆ ನಿಂತು ನೂಕುತ್ತಾನೆ.

ಗೇಟು ಮಾಮನ ಮನೆ ಮುಂದಿದ್ದ ಕಾರು ಅಂಥದೇ. ಗೇಟು ಮಾಮ ಎಂದರೆ ಕಬ್ಬಿಣದ ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಕೆಲಸದವನು. ಮನೆಗೆ ಅಂಟಿಕೊಂಡೇ ಅವನ ಶೆಡ್ಡು. ಆ ಬಡಾವಣೆಯಲ್ಲಿ ಅವನ ಕೈ ತಾಗದ ಗೇಟು ಹುಡುಕಿದರೂ ಸಿಗದು, ಹಾಗಾಗಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವನು ಗೇಟು ಮಾಮನೇ.

ಕಾರು ಓಡಿಸುತ್ತಿದ್ದವಳು ಮಾತ್ರ ಅವನ ಮಗಳು. ಅವಳಿಗೆ ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಪೇಟೆಯಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಊರಿನ ಮುದುಕರಲ್ಲಿ ಅರ್ಧ ಜನ ನಗುವುದು ಇವಳು ಮಾಡಿದ ಹಲ್ಲಿನಿಂದಲೇ ಎಂದು ತಾಯಿ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಾಳೆ.

ಮಗಳಿಗೆ ಕೆಲಸ ಸಿಕ್ಕಾಗ ಗೇಟು ಮಾಮ ಈ ಹಳೆಯ ಪುಟ್ಟ ಪೆಟ್ರೋಲ್ ಕಾರು ತಂದಿದ್ದ. ಬ್ರೇಕು, ಕ್ಲಚ್ಚು, ಆಕ್ಸಲರೇಟರು, ಮೂರಕ್ಕೂ ಕೈಯಲ್ಲಿ ಹಿಡಿಯುವ ಸಲಾಕೆ ಮಾಡಿ ಜೋಡಿಸಿದ್ದ. ಸರಕಾರಿ ತಪಾಸಣೆ ಮಾಡಿಸಿ ಒಪ್ಪಿಗೆಯನ್ನೂ ತಂದಿದ್ದ. ಮಗಳು ಕುರ್ಚಿಯಿಂದ ಸೀಟಿಗೆ ಜಾರುತ್ತಾಳೆ, ಕುರ್ಚಿಯ ಎರಡು ಗಾಲಿ ಕಳಚುತ್ತಾಳೆ, ಕೈ ಹಿಂದೆ ಚಾಚಿ ಎಲ್ಲವನ್ನೂ ತನ್ನ ಸೀಟಿನ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಯಾರ ಸಹಾಯವೂ ಬೇಡ. ಎಂಟು ವರ್ಷ ಹೀಗೇ ಸಾಗಿತ್ತು.

ಒಂದು ಬೆಳಿಗ್ಗೆ ಗೇಟು ಮಾಮ ಬೀದಿಯ ಕೊನೆ ಮುಟ್ಟುವವರೆಗೂ ನೂಕಿದರೂ ಕಾರು ಉಸಿರೆತ್ತಲಿಲ್ಲ.

"ಅಪ್ಪಾ, ಸಾಕು ಬಿಡು. ಇನ್ನು ಸ್ವಲ್ಪ ನೂಕಿದರೆ ಲ್ಯಾಬೇ ಬಂದುಬಿಡುತ್ತೆ" ಎಂದಳು ಮಗಳು.

ಮೆಕ್ಯಾನಿಕ್ ಬಂದು ಬಾನೆಟ್ಟು ಎತ್ತಿ ನೋಡಿ, ಎತ್ತಿದಷ್ಟೇ ಮೆಲ್ಲಗೆ ಇಳಿಸಿದ. "ಮಾಮ, ಎಂಜಿನ್ನಿನ ಕಥೆ ಮುಗೀತು. ಇದರ ಒಳಗಿನ ಸಾಮಾನು ಈಗ ಯಾರೂ ಮಾಡ್ತಿಲ್ಲ. ಬಾಡಿ ಮಾತ್ರ ಗಟ್ಟಿಮುಟ್ಟಾಗಿದೆ, ಹೊಟ್ಟೆ ಉರಿಯುತ್ತೆ ನೋಡಿದರೆ."

ಹೊಸ ಕಾರು ತೆಗೆದುಕೊಳ್ಳೋಣವೆಂದು ಅಪ್ಪ ಮಗಳು ಅಂಗಡಿ ಅಂಗಡಿ ಸುತ್ತಿದರು. ಎಲ್ಲ ಥಳಥಳ. ಆದರೆ ಒಂದರ ಸೀಟು ಎತ್ತರ, ಕುರ್ಚಿಯಿಂದ ಜಾರಲು ಆಗದು. ಇನ್ನೊಂದರ ಬಾಗಿಲು ಕಿರಿದು. ಮತ್ತೊಂದರಲ್ಲಿ ಸಲಾಕೆ ಜೋಡಿಸಲು ಕಂಪನಿಯವರು ಒಪ್ಪುವುದಿಲ್ಲ. ಅವಳ ಮೈಗೆ ಹೊಂದುವಂತೆ ಅಳೆದು ಮಾಡಿದ ಕಾರು ಲೋಕದಲ್ಲಿ ಒಂದೇ ಇತ್ತು, ಅದು ಮನೆ ಮುಂದೆ ಜೀವವಿಲ್ಲದೆ ನಿಂತಿತ್ತು.

ಅಲ್ಲಿಂದ ಬಾಡಿಗೆ ಗಾಡಿಯ ಓಡಾಟ ಶುರುವಾಯಿತು. ದಿನಾ ಅಪ್ಪ ಅವಳನ್ನು ಎತ್ತಿ ಕೂರಿಸಬೇಕು, ಜೊತೆಗೆ ಹೋಗಬೇಕು, ಇಳಿಸಬೇಕು, ಸಂಜೆ ಮತ್ತೆ ಹೋಗಿ ಕರೆತರಬೇಕು. ಅಪ್ಪನಿಗೆ ಬೇಸರವೇನೂ ಇರಲಿಲ್ಲ, ಮಗಳಿಗಾಗಿ ಅವನು ಅಷ್ಟೂ ದೂರ ಹೆಗಲ ಮೇಲೆ ಹೊತ್ತುಕೊಂಡು ಹೋಗುವವನೇ. ಆದರೆ ಮಗಳು ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಒಂದು ಸಂಜೆ ತಟ್ಟೆಯ ಮುಂದೆ ಕೂತು ಹೇಳಿದಳು: "ಕೆಲಸ ಬಿಡೋಣ ಅಂತಿದ್ದೀನಿ."

"ಯಾಕೆ? ನಾನು ಕರ್ಕೊಂಡು ಹೋಗ್ತಿದ್ದೀನಲ್ಲ!" ಎಂದ ಅಪ್ಪ.

"ಅದಕ್ಕೇ ಅಪ್ಪ. ಇಷ್ಟು ವರ್ಷ ನಾನು ಹೋಗ್ತಿದ್ದೆ. ಈಗ ನೀನು ನನ್ನನ್ನ ಕರ್ಕೊಂಡು ಹೋಗ್ತಿದ್ದೀಯ. ಸಾಮಾನು ಸಾಗಿಸಿದ ಹಾಗೆ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ತಾಯಿ ಎದ್ದು ಹೋಗಿ ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ನೀರಿನ ನಲ್ಲಿ ತಿರುಗಿಸಿದಳು.

ಇಂಥ ಹೊತ್ತಿನಲ್ಲೇ ವೈರಕ್ಕ ಶೆಡ್ಡಿಗೆ ಬಂದದ್ದು. ಸದಾ ಕುತ್ತಿಗೆಗೆ ಒಂದು ಸುರುಳಿ ವೈರು ನೇತುಹಾಕಿಕೊಂಡಿರುತ್ತಾಳಾದ್ದರಿಂದ ಆ ಹೆಸರು. ಪೇಟೆಯ ಅಂಚಿನಲ್ಲಿ ಅವಳದೊಂದು ಗ್ಯಾರೇಜಿದೆ. ಹಳೆಯ ಪೆಟ್ರೋಲ್ ಗಾಡಿಗಳ ಎಂಜಿನ್ ತೆಗೆದು ಮೋಟಾರು, ಬ್ಯಾಟರಿ ಕೂರಿಸಲು ಪರವಾನಗಿ ಪಡೆದವಳು. ಒಂದು ವರ್ಷದಿಂದ ಗೇಟು ಮಾಮನ ಹತ್ತಿರ ಉಕ್ಕಿನ ಪೆಟ್ಟಿಗೆ ಮಾಡಿಸಿಕೊಂಡು ಹೋಗುತ್ತಿದ್ದಳು. ಅದರಲ್ಲಿ ಏನಿಡುತ್ತಾಳೆ ಎಂದು ಅವನು ಕೇಳಿದವನಲ್ಲ. ಅಳತೆ ಕೊಟ್ಟರೆ ಪೆಟ್ಟಿಗೆ ಮಾಡಿಕೊಡುವುದು ಅವನ ಕೆಲಸ, ಉಳಿದದ್ದು ಬೇಡದ ಉಸಾಬರಿ.

"ಮಾಮ, ಕಾರು ಯಾಕೆ ಮೂಲೆ ಸೇರಿದೆ?"

"ಎಂಜಿನ್ ಕೈಕೊಟ್ಟಿತಮ್ಮ. ಇನ್ನೇನು, ಗುಜರಿಗೆ."

ವೈರಕ್ಕ ಕಾರನ್ನು ಒಂದು ಸುತ್ತು ಹಾಕಿದಳು. ಕೂತು ಅಡಿಭಾಗ ಬಡಿದು ನೋಡಿದಳು. "ಇಷ್ಟು ಗಟ್ಟಿ ಗಾಡಿ ಗುಜರಿಗಾ? ಹಾಳಾಗಿರೋದು ಎಂಜಿನ್ ತಾನೆ, ಅದನ್ನ ತೆಗೀರಿ. ಗಾಡಿ ಏನು ತಪ್ಪು ಮಾಡಿದೆ?"

"ಎಂಜಿನ್ ಇಲ್ಲದೆ ಓಡುತ್ತಾ?"

"ನೀವು ಮಾಡಿಕೊಟ್ಟ ಪೆಟ್ಟಿಗೆಗಳೆಲ್ಲ ಎಲ್ಲಿಗೆ ಹೋದವು ಅಂದ್ಕೊಂಡಿದ್ದೀರಿ?"

"ಕಾಳುಕಡ್ಡಿ ಇಡೋಕೆ ಇರಬೇಕು ಅಂದ್ಕೊಂಡಿದ್ದೆ."

ವೈರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದರಲ್ಲಿ ಬ್ಯಾಟರಿ ಕೂತಿದೆ ಮಾಮ! ನಿಮ್ಮ ಪೆಟ್ಟಿಗೆ ಹೊತ್ತ ಗಾಡಿಗಳು ದಿನಾ ನಿಮ್ಮ ಮುಂದೇನೇ ಓಡಾಡ್ತಿವೆ. ಸದ್ದಿಲ್ಲ ನೋಡಿ, ನಿಮ್ಮ ಗಮನಕ್ಕೆ ಬಂದಿಲ್ಲ. ಇದಕ್ಕೂ ಹಾಗೇ ಮಾಡೋಣ. ಸೀಟು ಅದೇ, ಬಾಗಿಲು ಅದೇ, ನೀವು ಮಾಡಿದ ಸಲಾಕೆಗಳೂ ಅವೇ."

ಗೇಟು ಮಾಮನ ಮುಖ ಒಂದು ಗಳಿಗೆ ಅರಳಿತು, ಮರುಗಳಿಗೆ ಬಾಡಿತು. "ಬೇಡಮ್ಮ. ಬ್ಯಾಟರಿ ಗಾಡಿಗೆ ಬೆಂಕಿ ಹತ್ತಿದ್ದು ಕೇಳಿದ್ದೀನಿ. ಬೇರೆಯವರಾದರೆ ಬಾಗಿಲು ತೆಗೆದು ಓಡ್ತಾರೆ. ನನ್ನ ಮಗಳಿಗೆ ಓಡೋಕಾಗಲ್ಲ." ಇಷ್ಟು ಹೇಳಿ, ಕೈಯಲ್ಲಿ ವೆಲ್ಡಿಂಗ್ ಕಡ್ಡಿ ಇಲ್ಲದಿದ್ದರೂ ಮುಖವಾಡವನ್ನು ಸರ್ರನೆ ಕೆಳಗೆಳೆದುಕೊಂಡ.

ಈ ಸಲ ವೈರಕ್ಕ ನಗಲಿಲ್ಲ. ಅವನ ಪಕ್ಕ ಬಂದು ನಿಂತಳು. "ನಿಮ್ಮ ಭಯ ಸರಿಯಾಗೇ ಇದೆ ಮಾಮ. ಅದನ್ನ ಬಿಡಬೇಡಿ. ಅದನ್ನ ಎದುರಿಗೆ ಇಟ್ಟುಕೊಂಡೇ ಬ್ಯಾಟರಿ ಆರಿಸೋಣ. ಸಂಜೆ ಮನೆಗೆ ಬರ್ತೀನಿ. ಓಡಿಸೋಳು ಅವಳು, ಅವಳ ಮುಂದೇನೇ ಮಾತಾಡೋಣ."

ಸಂಜೆ ನಾಲ್ವರೂ ಊಟದ ಮೇಜಿನ ಸುತ್ತ ಕೂತರು. ಮೊದಲ ಪ್ರಶ್ನೆ ತಾಯಿಯದು. "ಮಳೆ ನೀರಲ್ಲಿ ಹೋದರೆ ಶಾಕ್ ಹೊಡೆಯಲ್ವಾ?"

"ಬ್ಯಾಟರಿ ಪೆಟ್ಟಿಗೆ ನೀರು ಹೋಗದ ಹಾಗೆ ಮುಚ್ಚಿರುತ್ತೆ ಅಮ್ಮ. ಎಲ್ಲಾದರೂ ಕರೆಂಟು ಸೋರಿದರೆ ಗೊತ್ತುಮಾಡಿ ಕಡಿದು ಹಾಕೋ ವ್ಯವಸ್ಥೆ ಇರಬೇಕು. ಅದಿಲ್ಲದೆ ಯಾರಾದರೂ ಅಗ್ಗಕ್ಕೆ ಮಾಡಿಕೊಡ್ತೀನಿ ಅಂದರೆ ಕೈಮುಗಿದು ಕಳಿಸಿಬಿಡಿ."

"ಯಾವ ಬ್ಯಾಟರಿ ಹಾಕ್ತೀರಿ ಅಕ್ಕ?" ಮಗಳು ಕೇಳಿದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಒಂದು ಪ್ರಶ್ನೆ ಕೇಳಿದ್ದು ಕಂಡು ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು.

"ಸೀಸದ ಬ್ಯಾಟರಿ ಕಮ್ಮಿ ಬೆಲೆಗೆ ಸಿಗುತ್ತೆ. ಆದರೆ ಹೆಣಭಾರ. ಈ ಪುಟ್ಟ ಕಾರಿಗೆ ಬೇಕಾದಷ್ಟು ಹಾಕಿದರೆ ನಾಲ್ಕೈದು ಜನ ದಪ್ಪ ನೆಂಟರು ಹತ್ತಿ ಕೂತು ಇಳಿಯೋದೇ ಇಲ್ಲ ಅಂದ ಹಾಗೆ. ದಿನಾ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡ್ತಾ ಬಂದರೆ ಬೇಗ ಸಾಯುತ್ತೆ ಬೇರೆ. ಅದು ಬೇಡ. ಇನ್ನು ಲಿಥಿಯಂ. ಅದರಲ್ಲಿ ನಮಗೆ ಎರಡು ಬಗೆ ಸಿಗುತ್ತೆ. ಒಂದರಲ್ಲಿ ನಿಕಲ್ ಇರುತ್ತೆ. ಹಗುರ, ಚಿಕ್ಕ ಜಾಗದಲ್ಲಿ ಜಾಸ್ತಿ ಶಕ್ತಿ ಹಿಡಿಯುತ್ತೆ, ಆದರೆ ಬಿಸಿ ತಡೆಯೋದು ಕಮ್ಮಿ. ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ ಕಬ್ಬಿಣ ಇರುತ್ತೆ..."

"ಕಬ್ಬಿಣಾನಾ?" ಗೇಟು ಮಾಮನ ಕಿವಿ ನೆಟ್ಟಗಾಯಿತು.

"ಮುಗೀತು" ಎಂದಳು ಹೆಂಡತಿ. "ಇನ್ನು ಇವರಿಗೆ ಬೇರೆ ಏನೂ ಕೇಳಿಸಲ್ಲ."

"ಕೇಳಿಸಿಕೊಳ್ಳಿ ಮಾಮ. ಇದು ಇನ್ನೊಂದಕ್ಕಿಂತ ಸ್ವಲ್ಪ ಭಾರ, ಸ್ವಲ್ಪ ದೊಡ್ಡದು. ಆದರೆ ಬಿಸಿ ಚೆನ್ನಾಗಿ ತಾಳಿಕೊಳ್ಳುತ್ತೆ, ಸುಲಭಕ್ಕೆ ಹೊತ್ತಿಕೊಳ್ಳಲ್ಲ, ಹೆಚ್ಚು ವರ್ಷ ಬಾಳುತ್ತೆ. ಬೆಂಕಿ ಬರೋದೇ ಇಲ್ಲ ಅಂತ ನಾನು ಆಣೆ ಇಡಲ್ಲ. ಇಷ್ಟು ವರ್ಷ ಇವಳ ಬೆನ್ನ ಹಿಂದೆ ಒಂದು ಟ್ಯಾಂಕ್ ಪೆಟ್ರೋಲ್ ಇತ್ತಲ್ಲ, ಅದಕ್ಕೂ ಯಾರೂ ಆಣೆ ಇಟ್ಟಿರಲಿಲ್ಲ. ಜೊತೆಗೆ ಬಿಎಂಎಸ್ ಅಂತ ಒಂದು ಸಾಧನ ಇರುತ್ತೆ. ಬ್ಯಾಟರಿಯ ಒಂದೊಂದು ಕೋಶದ ಮೇಲೂ ಕಣ್ಣಿಟ್ಟಿರುತ್ತೆ. ಯಾವುದಾದರೂ ಬಿಸಿ ಏರಿದರೆ, ಚಾರ್ಜು ಮಿತಿ ಮೀರಿದರೆ, ಕರೆಂಟು ಕಡಿಯುತ್ತೆ. ಇವಳ ಕೈಗೇ ಸಿಗೋ ಹಾಗೆ ಎಲ್ಲ ಬಂದ್ ಮಾಡೋ ಒಂದು ಸ್ವಿಚ್ಚನ್ನೂ ಇಡೋಣ."

"ಗುಜರಿಯವನು ಬಳಸಿದ ಬ್ಯಾಟರಿ ಇದೆ ಅಂತಿದ್ದ..." ಅಪ್ಪ ರಾಗ ಎಳೆದ.

"ಅದು ಎಲ್ಲಿ ಬಿದ್ದಿತ್ತೋ, ಎಷ್ಟು ಪೆಟ್ಟು ತಿಂದಿದೆಯೋ ಯಾರಿಗೆ ಗೊತ್ತು? ಹೊಸದು, ಪರೀಕ್ಷೆ ಪಾಸಾಗಿರೋದು, ವಾರಂಟಿ ಇರೋದು ತಗೊಳ್ಳಿ. ಎಷ್ಟು ದೊಡ್ಡದು ಬೇಕು ಅನ್ನೋದನ್ನ ಮಾತ್ರ ಇವತ್ತು ಹೇಳಲ್ಲ. ಇವಳು ದಿನಕ್ಕೆ ಎಷ್ಟು ಓಡಾಡ್ತಾಳೆ ಅಂತ ಲೆಕ್ಕ ಹಾಕಿ ಹೇಳಿ. ಅಲ್ಲೀವರೆಗೆ ಪೆಟ್ಟಿಗೆಗೆ ಕೈ ಹಾಕಬೇಡಿ ಮಾಮ."

ಕೈ ಹಾಕಬೇಡಿ ಎಂದರೆ ಸುಮ್ಮನಿರುವ ಕೈಯೇ ಅದು? ಬೆಂಕಿಯ ಭಯ ಇಳಿದ ಜಾಗದಲ್ಲಿ ಅವನಿಗೆ ಇನ್ನೊಂದು ಭಯ ಬಂದು ಕೂತಿತ್ತು. ಚಾರ್ಜು ನಡುದಾರಿಯಲ್ಲಿ ಮುಗಿದರೆ? ಸುಡುವ ಬಿಸಿಲು, ಅಕ್ಕಪಕ್ಕ ಯಾರೂ ಇಲ್ಲ, ಮಗಳು ಒಬ್ಬಳೇ. ಬ್ಯಾಟರಿ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು ಎಂದು ಅವನು ತೀರ್ಮಾನಿಸಿಬಿಟ್ಟ. ಟೇಪು ಹಿಡಿದು ಕಾರಿನ ಒಳಗೆಲ್ಲ ಅಳೆದ. ಮುಂದಿನ ಸೀಟುಗಳ ಹಿಂದೆ ಡಿಕ್ಕಿಯವರೆಗೆ ಒಳ್ಳೆ ಜಾಗ ಖಾಲಿ ಬಿದ್ದಿತ್ತು. ಸರಿ, ಅದರ ತುಂಬ ಹಿಡಿಯುವ ಪೆಟ್ಟಿಗೆ ಮಾಡಿದ. ಅಂಚಿಗೆ ಗೇಟಿಗೆ ಹಾಕುವ ಹಾಗೆ ಹೂಬಳ್ಳಿಯನ್ನೂ ಬೆಸೆದ. ಅಕ್ಕರೆ ಹೆಚ್ಚಾದರೆ ಅವನ ಕೈ ಹೂಬಳ್ಳಿ ಬಿಡುತ್ತದೆ, ಅದು ಅವನ ಸ್ವಭಾವ.

ರಜೆಯ ದಿನ ಪೆಟ್ಟಿಗೆ ಕಾರಿನೊಳಗೆ ಕೂತಿತು. ಕೂದಲು ತೂರದಷ್ಟು ಕರಾರುವಾಕ್ಕು. ಗೇಟು ಮಾಮ ಎಲ್ಲರನ್ನೂ ಕರೆದ. ವೈರಕ್ಕನೂ ಬಂದಳು, ಪೆಟ್ಟಿಗೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು, "ಇದರ ತುಂಬ ಬ್ಯಾಟರಿ ಹಾಕು. ಮೂರು ಊರು ದಾಟಿ ಹೋಗಿ ಬಂದರೂ ಮುಗೀಬಾರದು" ಎಂದು ಎದೆ ಉಬ್ಬಿಸಿದ. ಆಮೇಲೆ ಮಗಳಿಗೆ, "ಹತ್ತು, ಕೂತು ನೋಡು" ಎಂದ.

ಮಗಳು ಕುರ್ಚಿ ತಂದು ಬಾಗಿಲಿಗೆ ಒತ್ತಿಸಿದಳು. ಸೀಟಿಗೆ ಜಾರಿದಳು. ಗಾಲಿ ಕಳಚಿದಳು. ದಿನಾ ಮಾಡುವ ಹಾಗೆ, ನೋಡದೆಯೇ, ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಠಣ್ ಎಂದು ಕುರ್ಚಿ ಉಕ್ಕಿಗೆ ಬಡಿಯಿತು.

ಹಿಂದಿನ ಸೀಟನ್ನು ಕಿತ್ತು ಆ ಜಾಗ ಮಾಡಿದವನು ಗೇಟು ಮಾಮನೇ. ಕುರ್ಚಿಗಾಗಿಯೇ ಮಾಡಿದ್ದು. ಆದರೂ ಹೇಗೆ ಮರೆತ ಎನ್ನುತ್ತೀರಾ? ಕಾರು ಅವನ ಕಣ್ಣೆದುರು ನಿಂತಿದ್ದಾಗೆಲ್ಲ ಮಗಳು ಮನೆಯೊಳಗೆ ಇರುತ್ತಿದ್ದಳು, ಕುರ್ಚಿಯೂ ಅವಳ ಜೊತೆ ಒಳಗೇ. ಮಗಳು ಕುರ್ಚಿ ಒಳಗೆಳೆದುಕೊಳ್ಳುವಾಗ ಅವನು ಶೆಡ್ಡಿನಲ್ಲಿ, ನೂಕಲು ಬಂದ ದಿನವೂ ಅವನ ಗಮನವೆಲ್ಲ ಎಂಜಿನ್ನಿನ ಮೇಲೆ. ಎಂಟು ವರ್ಷ ಅವನು ನೋಡಿದ್ದು ಖಾಲಿ ಜಾಗವನ್ನೇ.

ಮಗಳು ಸಿಟ್ಟಾಗಲಿಲ್ಲ. ಅಪ್ಪನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಮೆಲ್ಲಗೆ ಹೇಳಿದಳು: "ಅಪ್ಪಾ, ಈ ಗಾಡಿ ಈಗ ಎಲ್ಲಿಗೆ ಬೇಕಾದರೂ ಹೋಗುತ್ತೆ. ನನಗೆ ಮಾತ್ರ ಎಲ್ಲೂ ಇಳಿಯೋಕಾಗಲ್ಲ."

ಗೇಟು ಮಾಮ ಕಾರಿನ ಪಕ್ಕ ನೆಲದ ಮೇಲೆ ಕೂತ. "ದಾರೀಲಿ ನಿಂತುಬಿಟ್ಟರೆ ಅಂತ ಹೆದರಿಕೆ ಆಯ್ತು ಕಣಮ್ಮ. ಒಬ್ಬಳೇ ಇರ್ತೀಯ..."

"ನಾನು ಎಷ್ಟು ದೂರ ಹೋಗ್ತೀನಿ ಅಂತ ಗೊತ್ತಾ ನಿನಗೆ?"

ಅವನು ಇಲ್ಲವೆಂದು ತಲೆಯಾಡಿಸಿದ. ವೈರಕ್ಕ ಕೇಳಿದ್ದ ಲೆಕ್ಕ ಅದೊಂದೇ, ಅದನ್ನೇ ಅವನು ಕೇಳಿರಲಿಲ್ಲ.

"ಲ್ಯಾಬಿಗೆ ಹನ್ನೆರಡು ಕಿಲೋಮೀಟರ್. ಮಧ್ಯಾಹ್ನ ಡಾಕ್ಟರುಗಳಿಗೆ ಹಲ್ಲು ತಲುಪಿಸೋಕೆ ಎಂಟೋ ಹತ್ತೋ. ಸಂಜೆ ಹೊಳೆ ಹತ್ತಿರ ಹೋಗಿ, ಅಲ್ಲಿಂದ ಮನೆಗೆ ಬರ್ತೀನಿ. ಎಲ್ಲ ಸೇರಿ ನಲವತ್ತು ದಾಟಲ್ಲ."

"ಹೊಳೆ ಹತ್ತಿರಾನಾ?" ತಾಯಿ ಮುಂದೆ ಬಂದಳು. "ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ, ಅದಕ್ಕೇ ಹೋಗ್ತೀನಿ" ಮಗಳು ನಕ್ಕಳು. "ಕುರ್ಚಿ ಇಳಿಸಿಕೊಂಡು ದಂಡೆ ಮೇಲೆ ಸ್ವಲ್ಪ ಹೊತ್ತು ಕೂರ್ತೀನಿ. ನನಗೆ ಏನಾದರೂ ಬೇಕಾ ಅಂತ ಯಾರೂ ಕೇಳದೆ ಇರೋ ಹೊತ್ತು ದಿನದಲ್ಲಿ ಅದೊಂದೇ."

ಗಂಡ ಹೆಂಡತಿ ಇಬ್ಬರೂ ನೆಲ ನೋಡಿದರು. ಮಗಳಿಗೆ ತಮಗೆ ಗೊತ್ತಿಲ್ಲದ ಒಂದು ಸಂಜೆ ಇದೆ ಎಂದು ತಿಳಿದು ಗೇಟು ಮಾಮನಿಗೆ ಮೊದಲು ನೋವಾಯಿತು, ಆಮೇಲೆ ಯಾಕೋ ತುಂಬ ಸಂತೋಷವಾಯಿತು.

ವೈರಕ್ಕ ಗಂಟಲು ಸರಿಮಾಡಿಕೊಂಡಳು. "ಮಾಮ, ಕುರ್ಚಿ ಮಾತು ಹಾಗಿರಲಿ. ಜಾಗ ಇದ್ದಿದ್ದರೂ ಈ ಪೆಟ್ಟಿಗೆ ನಾನು ತುಂಬಿಸ್ತಿರಲಿಲ್ಲ. ಇಷ್ಟು ಭಾರ ಹಿಂದೆ ಬಿದ್ದರೆ ಮುಂದಿನ ಗಾಲಿ ರಸ್ತೆ ಸರಿಯಾಗಿ ಹಿಡಿಯಲ್ಲ. ಬ್ರೇಕ್ ಹಾಕಿದರೂ ತಡವಾಗಿ ನಿಲ್ಲುತ್ತೆ. ದಿನಕ್ಕೆ ನಲವತ್ತು ಅಂದಳಲ್ಲ? ಚಳಿ, ಸೆಕೆ, ಏರುದಾರಿ, ಬ್ಯಾಟರಿಗೂ ನಮ್ಮ ಹಾಗೆ ವಯಸ್ಸಾಗೋದು, ಎಲ್ಲ ಹಿಡಿದು ಅದರ ದುಪ್ಪಟ್ಟು ಇಟ್ಟುಕೊಳ್ಳೋಣ. ಎಂಬತ್ತು ಕಿಲೋಮೀಟರ್ ಓಡೋ ಬ್ಯಾಟರಿ. ಅದರ ಭಾರ ನೂರು ಕಿಲೋ ಆಸುಪಾಸು ಬರುತ್ತೆ. ಎಂಜಿನ್, ಟ್ಯಾಂಕು, ಸೈಲೆನ್ಸರು ಎಲ್ಲ ಹೊರಗೆ ಹೋಗ್ತವಲ್ಲ, ಕಂಪನಿಯವರು ಈ ಗಾಡಿಗೆ ಹಾಕಿರೋ ಭಾರದ ಮಿತಿ ದಾಟಲ್ಲ."

"ಎಲ್ಲಾದರೂ ದೂರದ ಊರಿಗೆ ಹೋಗಬೇಕಾದರೆ?" ತಾಯಿ ಕೇಳಿದಳು.

"ದಾರೀಲಿ ಚಾರ್ಜ್ ಮಾಡಿಕೊಳ್ಳಿ, ಇಲ್ಲ ಆವತ್ತೊಂದು ದಿನ ಬಾಡಿಗೆ ಗಾಡಿ ಮಾಡಿ. ವರ್ಷಕ್ಕೊಂದು ಸಲ ಹೋಗೋ ಊರಿಗೋಸ್ಕರ ದಿನಾ ಆ ಭಾರ ಹೊರೋದು ಯಾಕೆ?"

"ಆದರೂ ನಿಂತುಹೋದರೆ?" ಗೇಟು ಮಾಮ ಪಟ್ಟು ಬಿಡಲಿಲ್ಲ.

"ಎಷ್ಟು ಉಳಿದಿದೆ ಅಂತ ಮೀಟರು ತೋರಿಸ್ತಾನೇ ಇರುತ್ತೆ. ಕಮ್ಮಿಯಾದರೆ ಕೂಗಿ ಹೇಳುತ್ತೆ."

"ಹಳೇದು ಹೇಳದೆ ಕೇಳದೆ ನಿಲ್ಲುತ್ತಿತ್ತು ಅಪ್ಪ" ಎಂದಳು ಮಗಳು. "ಇದಕ್ಕೆ ಅಷ್ಟಾದರೂ ಮರ್ಯಾದೆ ಇದೆ."

ಗೇಟು ಮಾಮ ಎದ್ದ. ಯಾರೂ ಹೇಳದೆಯೇ ತನ್ನ ಪೆಟ್ಟಿಗೆಯನ್ನು ಇಳಿಸಿ, ಕತ್ತರಿಸುವ ಯಂತ್ರ ಹಿಡಿದ. ಹೂಬಳ್ಳಿ ಎರಡು ತುಂಡಾಗುವಾಗ ಹೆಂಡತಿಯೇ ಮುಖ ತಿರುಗಿಸಿಕೊಂಡಳು, ಅವನು ಕಣ್ಣು ಮಿಟುಕಿಸಲಿಲ್ಲ. ಅದೇ ಉಕ್ಕಿನಲ್ಲಿ, ವೈರಕ್ಕ ಕೊಟ್ಟ ಅಳತೆಗೆ, ಎರಡು ಸಣ್ಣ ಪೆಟ್ಟಿಗೆ ಮಾಡಿದ. ಒಂದು ಎಂಜಿನ್ ಇದ್ದ ಕಡೆಗೆ, ಇನ್ನೊಂದು ಅಡಿಯಲ್ಲಿ ಪೆಟ್ರೋಲ್ ಟ್ಯಾಂಕು ಇದ್ದ ಜಾಗಕ್ಕೆ. ಭಾರ ಮುಂದೆ ಹಿಂದೆ ಹಂಚಿಹೋಯಿತು. ಕುರ್ಚಿಯ ಜಾಗ ಕುರ್ಚಿಗೇ ಉಳಿಯಿತು.

ಕಾರು ವೈರಕ್ಕನ ಗ್ಯಾರೇಜಿಗೆ ಹೋಯಿತು. ಗೇಟು ಮಾಮನೂ ಹಿಂದೆಯೇ ಹೋದ. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ತೋರಿಸಿ ಅವಳು, "ಈ ಬಣ್ಣ ಕಂಡರೆ ಕೈ ದೂರ. ಪ್ರಾಣ ತೆಗೆಯೋ ಕರೆಂಟು ಇದರಲ್ಲಿ ಹರಿಯುತ್ತೆ. ತರಬೇತಿ ಇಲ್ಲದವರು ಮುಟ್ಟೋ ಹಾಗಿಲ್ಲ, ನೀವೂ ಅಷ್ಟೇ" ಎಂದಳು. ಅವನು ಕೈ ಹಿಂದೆ ಕಟ್ಟಿಕೊಂಡು ನಿಂತ. ಬ್ರೇಕಿನ ವಿಷಯ ಬಂದಾಗ ಮಾತ್ರ ಹತ್ತಿರ ಬಾಗಿದ. ಬ್ರೇಕು ಮೆತ್ತಗೆ ಒತ್ತಿದರೂ ಹಿಡಿಯುವ ಹಾಗೆ ಬಲ ಕೊಡುತ್ತಿದ್ದದ್ದು ಎಂಜಿನ್ನೇ. ಎಂಜಿನ್ ಹೋದರೆ ಆ ಬಲವೂ ಹೋಗುತ್ತದೆ, ಕೈಯಲ್ಲಿ ಒತ್ತುವವಳಿಗೆ ಅದು ದೊಡ್ಡ ಮಾತು. ಅದಕ್ಕೆಂದೇ ವೈರಕ್ಕ ಒಂದು ಸಣ್ಣ ವಿದ್ಯುತ್ ಪಂಪು ಕೂರಿಸಿದಳು. ಮಗಳು ಬಂದು ಒತ್ತಿ ನೋಡಿ, ಹಿಂದಿನಷ್ಟೇ ಹಗುರ ಎಂದ ಮೇಲೆಯೇ ಗೇಟು ಮಾಮ ಉಸಿರುಬಿಟ್ಟ.

"ಇನ್ನು ಈ ಕ್ಲಚ್ಚಿನ ಸಲಾಕೆ ತೆಗೀರಿ ಮಾಮ" ಎಂದಳು ವೈರಕ್ಕ. "ಮೋಟಾರಿಗೆ ಕ್ಲಚ್ಚೂ ಬೇಡ, ಗೇರು ಬದಲಾಯಿಸೋದೂ ಬೇಡ."

ಅವನು ಬೋಲ್ಟು ಬಿಚ್ಚಿ ಸಲಾಕೆ ಕೈಗೆ ತೆಗೆದುಕೊಂಡಾಗ ಮಗಳು ತನಗರಿವಿಲ್ಲದೆ ಎಡಗೈ ಮಣಿಕಟ್ಟು ನೀವಿಕೊಂಡಳು. ಅಪ್ಪನ ಕಣ್ಣಿಗೆ ಅದು ಬಿತ್ತು.

"ನೋಯುತ್ತಿತ್ತಾ?"

"ಟ್ರಾಫಿಕ್ ಇದ್ದ ದಿನ ಸ್ವಲ್ಪ."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಮಾಡಿಕೊಟ್ಟಿದ್ದು ಅಪ್ಪ. ಹೇಗೆ ಹೇಳಲಿ?"

ಗೇಟು ಮಾಮನ ಕಣ್ಣು ಹನಿಗೂಡಿತು. ಅವಳ ಮಣಿಕಟ್ಟನ್ನು ತನ್ನ ಒರಟು ಅಂಗೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ನೀವಿದ. ವೈರಕ್ಕ ಏನೋ ಮರೆತವಳ ಹಾಗೆ ಹೊರಗೆ ಹೋದಳು.

ಮನೆಯಲ್ಲಿ ಇತ್ತ ತಾಯಿ ಅಡುಗೆಮನೆಯಿಂದ ಉದ್ದ ವೈರೆಳೆದು ಚಾರ್ಜಿಗೆ ಸಿದ್ಧಮಾಡಿ ಕೂತಿದ್ದಳು. ವೈರಕ್ಕ ಅದನ್ನು ಸುತ್ತಿ ಅವಳ ಕೈಗೇ ಕೊಟ್ಟಳು. "ಇದು ಮಿಕ್ಸಿಗೆ ಸರಿ ಅಮ್ಮ. ಗಂಟೆಗಟ್ಟಲೆ ಚಾರ್ಜು ಹಾಕಿದರೆ ಕಾದು ಕರಗಿ ಹೋಗುತ್ತೆ." ಮೀಟರಿನಿಂದ ಬೇರೆ ಲೈನು, ಸರಿಯಾದ ಅರ್ಥಿಂಗು, ಅದರದೇ ಸಾಕೆಟ್ಟು ಹಾಕಿಸಿದರು. ಸರಕಾರಿ ತಪಾಸಣೆ ನಡೆಯಿತು. ಪೆಟ್ರೋಲ್ ಎಂದಿದ್ದ ಕಡೆ ವಿದ್ಯುತ್ ಎಂದು ನೋಂದಣಿ ಬದಲಾಯಿತು, ವಿಮೆಯವರಿಗೂ ತಿಳಿಸಿದರು. ಇದಕ್ಕೆಲ್ಲ ದಿನ ಹಿಡಿಯಿತು, ಗೇಟು ಮಾಮ ಚಡಪಡಿಸಿದ. ವೈರಕ್ಕ ಮಾತ್ರ ಒಂದನ್ನೂ ಬಿಡಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಮಗಳು ಒಬ್ಬಳೇ ಹೊರಟಳು. ಎದುರು ಮನೆಯ ಕಿಟಕಿ ತೆರೆದೇ ಇತ್ತು. ಬಟ್ಟೆಗಳು ಹಗ್ಗದ ಮೇಲೇ ಇದ್ದವು. ಹಿಂದೆಯೇ ಸ್ಕೂಟರಿನಲ್ಲಿ ಹೋಗಿಬರುತ್ತೇನೆಂದು ಗೇಟು ಮಾಮ ಚಪ್ಪಲಿ ಮೆಟ್ಟಿದ. ಹೆಂಡತಿ ಸ್ಕೂಟರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, "ಸುಮ್ಮನೆ ಒಳಗೆ ಬನ್ನಿ" ಎಂದಳು. ಆ ದಿನ ಅವನು ಒಂದೇ ಸರಳನ್ನು ಮೂರು ಸಲ ತಪ್ಪು ಕತ್ತರಿಸಿದ.

ಸಂಜೆ ಮಗಳು ಬಂದು ಶೆಡ್ಡಿನ ಮುಂದೆ ಕಾರು ನಿಲ್ಲಿಸಿದಳು. ಅರ್ಧಕ್ಕಿಂತ ಹೆಚ್ಚು ಚಾರ್ಜು ಉಳಿದಿತ್ತು. ಕಿಟಕಿ ಇಳಿಸಿ, "ಹತ್ತು ಅಪ್ಪ" ಎಂದಳು.

"ಎಲ್ಲಿಗೆ?"

"ಹತ್ತು ಅಂದೆ."

ಗೇಟು ಮಾಮ ಪಕ್ಕದ ಸೀಟಿನಲ್ಲಿ ಕೂತ. ಕಾರು ಚಲಿಸಿದ್ದೇ ಅವನಿಗೆ ತಿಳಿಯಲಿಲ್ಲ. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಅವನ ಕಾಲು ಒತ್ತುತ್ತಿತ್ತು. ಮಗಳು ನೋಡಿಯೂ ನೋಡದವಳ ಹಾಗೆ ಓಡಿಸಿದಳು.

ಹೊಳೆ ದಂಡೆಯಲ್ಲಿ ಕಾರು ನಿಂತಿತು. ಅವನು ಅಭ್ಯಾಸಬಲದಿಂದ ಅವಳನ್ನು ಇಳಿಸಲು ಅವಸರ ಮಾಡಿದ. "ಕೂತಿರು" ಎಂದಳು ಮಗಳು. ಹಿಂದಿನಿಂದ ಕುರ್ಚಿ ಎಳೆದಳು. ಗಾಲಿ ಒಂದು, ಎರಡು, ಟಕ್ ಟಕ್ ಎಂದು ಕೂತವು. ಕುರ್ಚಿಗೆ ಜಾರಿದಳು. ಕಾರಿನ ಮುಂಭಾಗ ಬಳಸಿಕೊಂಡು ಅವನ ಕಡೆಗೆ ಬಂದು ಬಾಗಿಲು ತೆರೆದಳು.

"ನಿಧಾನ ಇಳಿ ಅಪ್ಪ. ಇಲ್ಲಿ ಕಲ್ಲಿದೆ" ಎಂದು ಕೈ ಚಾಚಿದಳು. ವಯಸ್ಸಿಗೆ ಹಿಡಿದುಕೊಂಡಿದ್ದ ಮಂಡಿಯನ್ನು ಸರಿಮಾಡಿಕೊಳ್ಳುತ್ತ ಗೇಟು ಮಾಮ ಮಗಳ ಕೈ ಹಿಡಿದು ಇಳಿದ.

ಓದುವವರೇ, ಕೇಳುವವರೇ, ನಿಮ್ಮ ಮನೆ ಮುಂದೆಯೂ ಮೈ ಗಟ್ಟಿಯಿದ್ದು ಎಂಜಿನ್ ಮಾತ್ರ ಸೋತ ಪುಟ್ಟ ಕಾರು ನಿಂತಿರಬಹುದು. ಗುಜರಿಗೆ ಕೊಡುವ ಮುನ್ನ ಒಮ್ಮೆ ಪರವಾನಗಿ ಇರುವ ಗ್ಯಾರೇಜಿನಲ್ಲಿ ವಿಚಾರಿಸಿ. ಎಲ್ಲ ಗಾಡಿಗೂ ಇದು ಹೊಂದುವುದಿಲ್ಲ, ಖರ್ಚೂ ಕಡಿಮೆಯಲ್ಲ, ಆಗದು ಎಂದರೆ ಅದೂ ಒಳ್ಳೆಯ ಸಲಹೆಯೇ. ಆಗುತ್ತದೆ ಎಂದರೆ ಅಗ್ಗಕ್ಕೆ ಮರುಳಾಗಿ ಹಳೆಯ ಬ್ಯಾಟರಿ ತರಬೇಡಿ. ಬಿಸಿ ತಾಳುವ, ಪರೀಕ್ಷೆಯಾದ, ಕಾವಲು ಸಾಧನವಿರುವ ಬ್ಯಾಟರಿಯನ್ನೇ ಕೇಳಿ. ತಪಾಸಣೆ, ನೋಂದಣಿ, ವಿಮೆ ಯಾವುದನ್ನೂ ಬಿಡಬೇಡಿ. ಇದೆಲ್ಲಕ್ಕಿಂತ ಮೊದಲು, ಟೇಪು ಹಿಡಿಯುವ ಮುನ್ನ, ಆ ಕಾರಿನಲ್ಲಿ ಓಡಾಡುವವರ ಹತ್ತಿರ ಹೋಗಿ ಕೂತು ಕೇಳಿ: ದಿನಾ ಎಲ್ಲಿಗೆ ಹೋಗುತ್ತೀಯ, ಜೊತೆಗೆ ಏನು ಒಯ್ಯುತ್ತೀಯ, ಎಲ್ಲಿ ಇಳಿಯುತ್ತೀಯ? ಅವರು ಹೇಳಿ ಮುಗಿಸುವವರೆಗೂ ಕೇಳಿಸಿಕೊಳ್ಳಿ. ಬ್ಯಾಟರಿಯ ಅಳತೆ ಆ ಮಾತಿನಲ್ಲಿ ಸಿಗುತ್ತದೆ.